ನಲ್ಲಿ ನೀರಿಗೆ ಚರಂಡಿ ವಾಸನೆ: ಸಂಪು ಮತ್ತೆ ತೊಳೆಸುವ ಮೊದಲು ಬೀದಿಯಲ್ಲಿ ವಿಚಾರಿಸಿ

ಪ್ರಶ್ನೆ: ನಮ್ಮದು ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ 30–40 ಸೈಟಿನ ಮನೆ. ಕೆಳಗೆ ನಾವಿದ್ದೇವೆ, ಮಹಡಿಯಲ್ಲಿ ಬಾಡಿಗೆಯವರು. ಕಾವೇರಿ ನೀರು ದಿನ ಬಿಟ್ಟು ದಿನ ಬೆಳಗ್ಗೆ ಬರುತ್ತದೆ. ಮೂರು ವಾರದಿಂದ ನೀರು ಚರಂಡಿ ವಾಸನೆ ಹೊಡೆಯುತ್ತಿದೆ. ಮಳೆ ಬಂದ ಮಾರನೇ ದಿನ ಇನ್ನೂ ಜಾಸ್ತಿ. ಸಂಪು, ಮೇಲಿನ ಟ್ಯಾಂಕು ಎರಡನ್ನೂ ತೊಳೆಸಿದೆವು. ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಅತ್ತೆಯವರಿಗೂ ನಾಲ್ಕು ವರ್ಷದ ಮಗಳಿಗೂ ಭೇದಿಯಾಗಿ ಈಗ ವಾಸಿಯಾಗಿದೆ. ಮಹಡಿಯ ಮನೆಯಲ್ಲಿ ಏಳು ತಿಂಗಳ ಗರ್ಭಿಣಿ ಇದ್ದಾರೆ. ಪಕ್ಕದ ಮನೆಯವರು ‘ನಿಮ್ಮ ಸಂಪೇ ಸರಿಯಿಲ್ಲ’ ಅಂತಾರೆ. ಅವರು ನೀರಿನ ಲೈನಿಗೇ ಮೋಟರ್ ಹಾಕಿ ಎಳೆಯುತ್ತಾರೆ ಅಂತ ನಮಗೆ ಅನುಮಾನ. ಫಿಲ್ಟರ್ ಮಾರುವವರು ದೊಡ್ಡ ಆರ್‌ಒ ಹಾಕಿಸಿ ಅಂತಾರೆ. ಯಾರ ಮಾತು ನಂಬಬೇಕು? ಎಲ್ಲಿಂದ ಶುರು ಮಾಡಬೇಕು?
– ಗೃಹಿಣಿ, ಬೆಂಗಳೂರು

ಉತ್ತರ: ಮೊದಲು ಇವತ್ತೇ ಆಗಬೇಕಾದ ಕೆಲಸ. ಮಹಡಿ ಮೆಟ್ಟಿಲು ಹತ್ತಿ ಹೋಗಿ ಬಾಡಿಗೆಯವರಿಗೆ ವಿಷಯ ತಿಳಿಸಿ. ‘ನೀರಿನಲ್ಲಿ ಚರಂಡಿ ಸೇರಿರಬಹುದು, ಕುಡಿಯೋದಕ್ಕೆ ಬಳಸಬೇಡಿ’ ಅಂತ ಬಾಯಿಬಿಟ್ಟು ಹೇಳಿ. ಮನೆ ಮಾಲೀಕರಿಗೆ ಇದು ಮುಜುಗರದ ಮಾತು ನಿಜ. ಆದರೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್-ಇ ಎಂಬ ಕಾಮಾಲೆ ಸಾಮಾನ್ಯ ಜನಕ್ಕೆ ಬಂದು ಹೋಗುವ ಕಾಯಿಲೆಯಾದರೂ, ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಪ್ರಾಣಕ್ಕೇ ಕುತ್ತು ತರಬಲ್ಲದು. ಅವರು ತಮ್ಮ ಡಾಕ್ಟರ್ ಹತ್ತಿರ ಮುಂದಿನ ಸಲ ಹೋದಾಗ ನೀರಿನ ವಿಷಯವನ್ನೂ ಹೇಳಲಿ.

ವಾಸನೆ ಇರುವ ನೀರನ್ನು ಕುದಿಸಿ ಕುಡಿಯುವ ಯೋಚನೆಯೂ ಬೇಡ. ಚೆನ್ನಾಗಿ ಕೊತಕೊತ ಕುದ್ದು ಒಂದು ನಿಮಿಷವಾದರೆ ರೋಗಾಣುಗಳು ಸಾಯುತ್ತವೆ, ಅದು ಸರಿ. ಆದರೆ ಚರಂಡಿ ನೀರಿನ ಜೊತೆ ಬಂದ ಬೇರೆ ಕೊಳೆ ಕುದಿಸಿದರೆ ಹೋಗುವುದಿಲ್ಲ. ಮೂಲ ಸಿಗುವ ತನಕ ಕುಡಿಯಲು, ಅಡುಗೆಗೆ ಬೇರೆ ಕಡೆಯ ನೀರು ತನ್ನಿ. ಜನ ಮರೆಯುವುದು ಇನ್ನು ಕೆಲವು ಜಾಗಗಳನ್ನು: ಹಲ್ಲುಜ್ಜುವ ನೀರು, ಕೊತ್ತಂಬರಿ ಸೊಪ್ಪು ತೊಳೆಯುವ ನೀರು, ಲೋಟ ತಟ್ಟೆಯನ್ನು ಕೊನೆಯಲ್ಲಿ ಜಾಲಿಸುವ ನೀರು. ಕುಡಿಯುವುದು ಕ್ಯಾನ್ ನೀರೇ ಆದರೂ ಮಕ್ಕಳಿಗೆ ಭೇದಿ ನಿಲ್ಲದೆ ಇರುವುದಕ್ಕೆ ಎಷ್ಟೋ ಸಲ ಇವೇ ಕಾರಣ. ಸ್ನಾನ ಮಾಡುವಾಗ ಮಗಳು ಬಾಯಿಗೆ ನೀರು ತುಂಬಿಕೊಳ್ಳದ ಹಾಗೆ ನೋಡಿಕೊಳ್ಳಿ. ಮತ್ತೆ ಯಾರಿಗಾದರೂ ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸಂಪು ತೊಳೆಸಿದ ಮೇಲೆ ನಾಲ್ಕು ದಿನ ಚೆನ್ನಾಗಿತ್ತು ಅಂತ ಬರೆದಿದ್ದೀರಿ. ಮಳೆಯ ಮಾರನೇ ದಿನ ವಾಸನೆ ಜಾಸ್ತಿ ಅಂತಲೂ ಬರೆದಿದ್ದೀರಿ. ಇವೆರಡೂ ಬಹಳ ಒಳ್ಳೆಯ ಸುಳಿವು. ಕೊಳೆ ನಿಮ್ಮ ಸಂಪಿನಲ್ಲಿ ಹುಟ್ಟುತ್ತಿಲ್ಲ, ಹೊರಗಿನಿಂದ ಬಂದು ಸೇರುತ್ತಿದೆ. ಬರುವ ದಾರಿ ತಿಳಿಯದೆ ಸಂಪನ್ನು ಇನ್ನೆಷ್ಟು ಸಲ ತೊಳೆಸಿದರೂ ದುಡ್ಡು ದಂಡ. ಆ ದಾರಿ ಹುಡುಕುವ ಕೆಲಸವನ್ನು ನೀವೊಬ್ಬರೇ ನಿಮ್ಮ ಗೇಟಿನೊಳಗೆ ಮಾಡಲು ಆಗುವುದಿಲ್ಲ. ಬೀದಿಯ ಎಲ್ಲಾ ಮನೆಗಳೂ ಒಂದೇ ಪೈಪಿನಿಂದ ಕುಡಿಯುತ್ತಿರುವುದರಿಂದ ಬೀದಿಯವರೆಲ್ಲ ಸೇರಿ ನೋಡಬೇಕಾಗುತ್ತದೆ.

ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಸ್ಟೇಷನ್‌ಗಳನ್ನು ದಾಟಿ ನಗರಕ್ಕೆ ಏರಿ ಬರುತ್ತದೆ. ಕ್ಲೋರಿನ್ ಸೇರಿಸಿಯೇ ಕಳಿಸುತ್ತಾರೆ. ಅಷ್ಟು ದೂರದ ದೊಡ್ಡ ಪೈಪಿನಲ್ಲಿ ಕೆಡದ ನೀರು ಕೆಡುವುದು ಹೆಚ್ಚಾಗಿ ಕೊನೆಯ ಮೂವತ್ತು ನಲವತ್ತು ಅಡಿಯಲ್ಲಿ. ಬೀದಿಯ ಮುಖ್ಯ ಪೈಪಿನಿಂದ ನಿಮ್ಮ ಮೀಟರಿಗೆ ಬರುವ ಸಣ್ಣ ಪೈಪು ಇದೆಯಲ್ಲ, ಆ ಜಾಗದಲ್ಲಿ. ಹಳೇ ಬಡಾವಣೆಗಳಲ್ಲಿ ಇದು ಸಾಮಾನ್ಯವಾಗಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ರಸ್ತೆ ಬದಿಯ ಚರಂಡಿಯನ್ನು ದಾಟಿಯೇ ಮನೆಗೆ ಬರಬೇಕು. ಚರಂಡಿಯ ಕಲ್ಲು ಎತ್ತಿಸಿ ಒಮ್ಮೆ ನೋಡಿ. ಕೊಳಚೆಯಲ್ಲಿ ಅರ್ಧ ಮುಳುಗಿ, ಮೇಲೆಲ್ಲ ತುಕ್ಕು ಪದರ ಎದ್ದು, ಬೆರಳಿನಿಂದ ಒತ್ತಿದರೆ ಪುಡಿ ಉದುರುವ ಪೈಪು ಕಾಣಿಸಿದರೆ ಆಶ್ಚರ್ಯ ಬೇಡ. ನಮ್ಮ ಎಷ್ಟೋ ಬೀದಿಗಳಲ್ಲಿ ಕುಡಿಯುವ ನೀರು ಹೀಗೇ ಮನೆ ಸೇರುತ್ತಿದೆ.

ತೂತಿದ್ದರೆ ನೀರು ಹೊರಗೆ ಸೋರಬೇಕು, ಕೊಳಚೆ ಒಳಗೆ ಹೇಗೆ ಬರುತ್ತದೆ ಅಂತ ಕೇಳಬಹುದು. ನೀರು ರಭಸವಾಗಿ ಬರುತ್ತಿರುವಾಗ ಹೊರಗೇ ಸೋರುತ್ತದೆ. ನೀರು ನಿಂತ ಮೇಲೆ ಕಥೆ ತಿರುಗುತ್ತದೆ. ಎರಡು ದಿನ ಖಾಲಿ ಬಿದ್ದ ಪೈಪಿನೊಳಗೆ ಒತ್ತಡವೇ ಇಲ್ಲ, ಹೊರಗೆ ಚರಂಡಿ ನೀರು ನಿಂತಿದೆ. ಅದೇ ತೂತಿನಿಂದ ಅದು ಮೆಲ್ಲಗೆ ಒಳಗೆ ಇಳಿಯುತ್ತದೆ. ಮುಂದಿನ ಸಲ ವಾಲ್ವ್ ತಿರುಗಿಸಿದಾಗ ಮೊದಲು ನಿಮ್ಮ ಸಂಪಿಗೆ ಬೀಳುವುದು ಅದೇ. ದಿನದ 24 ಗಂಟೆ ಒತ್ತಡದಲ್ಲಿ ನೀರು ಬರುವ ಊರಿನಲ್ಲಿ ಪೈಪು ಹಳೆಯದಾದರೂ ಈ ತೊಂದರೆ ಬಹಳ ಕಡಿಮೆ. ದಿನ ಬಿಟ್ಟು ದಿನ ಬರುವ ಕಡೆಯೇ ಹೆಚ್ಚು.

ಇದರ ಮೇಲೆ ಯಾರಾದರೂ ಲೈನಿಗೇ ಮೋಟರ್ ಹಾಕಿದರೆ ಇನ್ನೂ ಕಷ್ಟ. ಎಳನೀರಿನ ಸ್ಟ್ರಾ ಮಧ್ಯದಲ್ಲಿ ಸೀಳಿದ್ದರೆ ಎಷ್ಟು ಜೋರಾಗಿ ಎಳೆದರೂ ಬಾಯಿಗೆ ಬರೀ ಗಾಳಿ ಬರುತ್ತದಲ್ಲ, ಹಾಗೇ ಇದು. ಮೋಟರ್ ಎಳೆದಾಗ ಸೀಳಿದ ಪೈಪು ಗಾಳಿಯ ಬದಲು ಚರಂಡಿ ನೀರನ್ನು ಎಳೆದುಕೊಳ್ಳುತ್ತದೆ. ಎಳೆದವರ ಮನೆಗೆ ಮಾತ್ರ ಅಲ್ಲ, ಅಕ್ಕಪಕ್ಕದ ಮನೆಗಳ ಪೈಪಿಗೂ ಅದು ಸೇರುತ್ತದೆ. ಜಲಮಂಡಳಿ ಇದನ್ನು ನಿಷೇಧಿಸಿರುವುದು ಬರೀ ನೀರು ಕದಿಯುತ್ತಾರೆ ಅಂತ ಅಲ್ಲ, ಇದು ಇಡೀ ಬೀದಿಯ ಆರೋಗ್ಯದ ವಿಷಯ.

ಹಾಗಾದರೆ ನಿಮ್ಮಲ್ಲಿ ಆಗಿರುವುದು ಯಾವುದು? ಬೀದಿಯ ಮುಖ್ಯ ಪೈಪು, ನಿಮ್ಮ ಮನೆಯ ಸಣ್ಣ ಪೈಪು, ನಿಮ್ಮ ಸಂಪಿನ ಗೋಡೆ, ಈ ಮೂರರಲ್ಲಿ ಒಂದು. ಕಂಡುಹಿಡಿಯಲು ದುಬಾರಿ ಯಂತ್ರ ಬೇಡ, ಒಂದು ಬಿಳಿ ಬಕೆಟ್ಟು ಸಾಕು.

ನೀರು ಬರುವ ದಿನ ಬೆಳಗ್ಗೆ ಸಂಪಿನ ಮುಚ್ಚಳ ತೆಗೆದು, ನೀರು ಬೀಳುವ ಪೈಪಿನ ಬಾಯಿಗೆ ಬಕೆಟ್ ಹಿಡಿಯಿರಿ. ಮೀಟರಿನ ಹತ್ತಿರ ನಲ್ಲಿ ಇದ್ದರೆ ಇನ್ನೂ ಸುಲಭ. ಮೊದಲ ನೀರನ್ನು ಒಂದು ಬಾಟಲಿಗೆ, ಹತ್ತು ನಿಮಿಷದ ನಂತರದ್ದನ್ನು ಇನ್ನೊಂದಕ್ಕೆ, ಅರ್ಧ ಗಂಟೆಯ ನಂತರದ್ದನ್ನು ಮತ್ತೊಂದಕ್ಕೆ ತುಂಬಿ. ಬಿಳಿ ಗೋಡೆಯ ಮುಂದೆ ಸಾಲಾಗಿ ಇಟ್ಟು ನೋಡಿ. ಮುಚ್ಚಳ ಹಾಕಿ ಕುಲುಕಿ, ತೆಗೆದ ತಕ್ಷಣ ಮೂಸಿ. ಮೊದಲನೆಯದು ಬೂದು ಬಣ್ಣವಾಗಿ ವಾಸನೆ ಹೊಡೆದು, ಆಮೇಲಿನವು ತಿಳಿಯಾಗಿದ್ದರೆ, ಪೈಪು ಖಾಲಿ ಇದ್ದಾಗ ಒಳಗೆ ಸೇರಿದ ಕೊಳಚೆ ಅದು. ತೂತು ನಿಮ್ಮ ಮನೆಗೆ ಹತ್ತಿರದಲ್ಲೇ ಇದೆ, ನಿಮ್ಮದೇ ಸಣ್ಣ ಪೈಪಿನಲ್ಲಿ ಇರುವ ಸಂಭವ ಜಾಸ್ತಿ. ಮೂರೂ ಬಾಟಲಿ ಒಂದೇ ಥರ ವಾಸನೆ ಹೊಡೆದರೆ ಮುಖ್ಯ ಪೈಪಿನಲ್ಲೇ ಬೆರೆಯುತ್ತಿದೆ. ಮೂರೂ ತಿಳಿಯಾಗಿದ್ದು ಸಂಪಿನ ನೀರು ಮಾತ್ರ ನಾರುತ್ತಿದ್ದರೆ, ಪಕ್ಕದ ಮನೆಯವರ ಮಾತನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ನೀರು ಬರದ ದಿನ ಅದೇ ಪೈಪಿನ ಬಾಯಿಯನ್ನು ಮತ್ತೆ ನೋಡಿ. ಲೈನಿನಲ್ಲಿ ನೀರೇ ಇಲ್ಲದ ಹೊತ್ತಿನಲ್ಲಿ ಒಂದೊಂದೇ ಹನಿ ಕಪ್ಪಗೆ ತೊಟ್ಟಿಕ್ಕುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಪಿನ ಗೋಡೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 30–40 ಸೈಟಿನಲ್ಲಿ ಜಾಗ ಎಲ್ಲಿದೆ? ನೀರಿನ ಲೈನೂ ರಸ್ತೆಯಲ್ಲಿದೆ, ಯುಜಿಡಿ (ಒಳಚರಂಡಿ) ಲೈನೂ ರಸ್ತೆಯಲ್ಲಿದೆ. ಹಾಗಾಗಿ ಸಂಪೂ ಮನೆ ಮುಂದೆ, ಒಳಚರಂಡಿ ಚೇಂಬರೂ ಮನೆ ಮುಂದೆ. ಎಷ್ಟೋ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗದಡಿ ಎರಡಕ್ಕೂ ನಡುವೆ ನಾಲ್ಕು ಅಡಿ ಮಣ್ಣೂ ಇರುವುದಿಲ್ಲ. ಚೇಂಬರಿನ ಒಳಗೆ ಗಾರೆ ಉದುರಿ ಇಟ್ಟಿಗೆ ಕಂಡಿದ್ದರೆ, ಸಂಪಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಅಷ್ಟೇ ಸಾಕು. ಸಂಪು ತುಂಬಿದ್ದಾಗ ಏನೂ ಆಗದು, ಒಳಗಿನ ನೀರೇ ಹೊರಗೆ ತಳ್ಳುತ್ತಿರುತ್ತದೆ. ನೀರು ತಳ ಮುಟ್ಟಿದಾಗ ಹೊರಗಿನದು ಒಳಗೆ ಜಿನುಗುತ್ತದೆ. ಸಂಪು ಖಾಲಿಯಾಗುತ್ತಾ ಬಂದಾಗ ವಾಸನೆ ಜಾಸ್ತಿಯಾಗುತ್ತಿದೆಯೇ ಅಂತ ಗಮನಿಸಿ.

ಪರೀಕ್ಷೆ ಹೀಗೆ ಮಾಡಿ. ರಾತ್ರಿ ಮಲಗುವ ಮುಂಚೆ ಬರುವ ನೀರಿನ ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಸಂಪು ಸೋರುತ್ತಿದೆ. ನೀರು ಹೊರಗೆ ಹೋಗುವ ದಾರಿಯಲ್ಲಿ ಒಳಗೂ ಬರಬಹುದು. ಆಮೇಲೆ ಸಂಪು ಬಹುತೇಕ ಖಾಲಿಯಿರುವಾಗ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ದಟ್ಟವಾಗಿ ಕಲಸಿ ಚೇಂಬರಿಗೆ ಸುರಿಯಿರಿ. ಬಚ್ಚಲಿನಿಂದಲೂ ಒಂದೆರಡು ಬಕೆಟ್ ನೀರು ಬಿಡಿ. ಕೆಲವು ಗಂಟೆ ಬಿಟ್ಟು ಟಾರ್ಚ್ ಹಾಕಿ ಮೇಲಿನಿಂದಲೇ ಸಂಪಿನ ಗೋಡೆ ನೋಡಿ. ಚೇಂಬರಿನ ಕಡೆಯ ಗೋಡೆಯಲ್ಲಿ ನೀಲಿ ಗೆರೆ ಇಳಿದಿದ್ದರೆ ಎಲ್ಲಿ ಗಾರೆ ಕೆಲಸ ಮಾಡಿಸಬೇಕು ಅನ್ನುವುದೂ ಗೊತ್ತಾಗುತ್ತದೆ. ನೀಲಿ ಕಾಣದಿದ್ದರೆ ಸಂಪು ಪೂರ್ತಿ ಚೆನ್ನಾಗಿದೆ ಅಂತ ಅರ್ಥವಲ್ಲ, ಸಣ್ಣ ಜಿನುಗು ಮಣ್ಣು ದಾಟಿ ಬರಲು ಒಂದೆರಡು ದಿನ ಬೇಕಾಗಬಹುದು. ಮಾರನೇ ದಿನವೂ ನೋಡಿ.

‘ಮೇಲಿನಿಂದಲೇ’ ಅಂತ ಬೇಕೆಂದೇ ಬರೆದೆ. ದಯವಿಟ್ಟು ಯಾರೂ ಸಂಪಿಗೆ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಇರುತ್ತದೆ ಅಂತ ನಂಬುವಂತಿಲ್ಲ. ಚರಂಡಿ ಸೇರಿದ್ದರೆ ವಿಷಗಾಳಿಯೂ ಇರಬಹುದು. ಹೊಸ ಮನೆ ಕಟ್ಟುವಾಗ ಸಂಪಿನೊಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚಲು ಇಳಿದವರು ಪ್ರಾಣ ಬಿಟ್ಟಿರುವುದೂ ಇದೇ ಕಾರಣಕ್ಕೆ. ಒದ್ದೆ ಮರ ಕೊಳೆಯುತ್ತಾ ಒಳಗಿನ ಆಮ್ಲಜನಕವನ್ನೆಲ್ಲ ತಿಂದಿರುತ್ತದೆ. ಒಬ್ಬರು ಬಿದ್ದರೆಂದು ಕಾಪಾಡಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ತೊಳೆಯುವ ಕೆಲಸದವರು ಬಂದಾಗಲೂ ಮುಚ್ಚಳ ಗಂಟೆಗಟ್ಟಲೆ ತೆರೆದಿಟ್ಟು, ಬ್ಲೋವರ್‌ನಿಂದ ಗಾಳಿ ಬಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿದ್ದರೆ ಮಾತ್ರ ಇಳಿಯಲು ಬಿಡಿ. ಇಳಿಯದೆ ಉದ್ದ ಹಿಡಿಯ ಬ್ರಷ್ಷು, ಪಂಪು ಬಳಸಿ ತೊಳೆಯುವವರು ಸಿಕ್ಕರೆ ಅವರನ್ನೇ ಕರೆಸಿ. ನಾಲ್ಕು ವರ್ಷದ ಮಗಳಿದ್ದಾಳೆ, ಪರೀಕ್ಷೆ ಮಾಡುವಾಗ ಮುಚ್ಚಳ ತೆಗೆದಿಟ್ಟು ಒಳಗೆ ಫೋನ್ ತೆಗೆದುಕೊಳ್ಳಲು ಹೋಗುವುದೂ ಬೇಡ.

ಇಷ್ಟು ನಿಮ್ಮ ಗೇಟಿನೊಳಗಿನ ಕೆಲಸ. ಆದರೆ ಇದಕ್ಕಿಂತ ಹೆಚ್ಚು ಗೊತ್ತಾಗುವುದು ಬೀದಿಯಲ್ಲಿ.

ಒಂದು ಹಾಳೆಯಲ್ಲಿ ನಿಮ್ಮ ಬೀದಿಯನ್ನು ಬರೆಯಿರಿ. ಎರಡು ಕಡೆ ಮನೆಗಳ ಸಾಲು, ವಾಲ್ವ್ ಇರುವ ಜಾಗ, ಮ್ಯಾನ್‌ಹೋಲ್‌ಗಳು, ಇಳಿಜಾರು ಯಾವ ಕಡೆಗೆ ಅನ್ನುವುದು. ಸಂಜೆ ಹೊತ್ತು ಮನೆಮನೆಗೆ ಹೋಗಿ ಕೇಳಿ: ವಾಸನೆ ಇದೆಯೇ, ಯಾವತ್ತಿನಿಂದ, ನೀರು ಬಂದ ತಕ್ಷಣವೋ ಕೊನೆಯವರೆಗೂ ಇರುತ್ತದೋ, ಮನೆಯಲ್ಲಿ ಯಾರಿಗಾದರೂ ಭೇದಿ, ಜ್ವರ, ಕಾಮಾಲೆ ಆಗಿದೆಯೇ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ‘ನಮ್ಮಲ್ಲೂ ಇದೆ’ ಅಂತ ಹತ್ತು ಜನ ಹಾಕುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬಾಗಿಲಲ್ಲಿ ನಿಂತು ಕೇಳಿದಾಗ ನೀರು ತುಂಬುವವರೇ ಸಿಗುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ಅಜ್ಜಿಯೋ ಕೆಲಸಕ್ಕೆ ಬರುವವರೋ ಆಗಿರುತ್ತಾರೆ. ಯಾವ ಹೊತ್ತಿನ ನೀರು ಹೇಗಿರುತ್ತದೆ ಅಂತ ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ಹಾಳೆಯ ಮೇಲೆ ಗುರುತು ಹಾಕುತ್ತಾ ಹೋದ ಹಾಗೆ ಚಿತ್ರ ತಾನೇ ಮೂಡುತ್ತದೆ. ನಿಮ್ಮ ಮನೆಯೊಂದರಲ್ಲೇ ವಾಸನೆ ಇದ್ದರೆ ದೋಷ ನಿಮ್ಮ ಪೈಪಿನಲ್ಲೋ ಸಂಪಿನಲ್ಲೋ. ಒಂದು ಮನೆಯಿಂದ ಶುರುವಾಗಿ ಮುಂದಿನ ಎಲ್ಲಾ ಮನೆಗಳಲ್ಲೂ ಇದ್ದು, ಹಿಂದಿನವರಿಗೆ ಇಲ್ಲದಿದ್ದರೆ ಆ ಮೊದಲ ಮನೆಯ ಆಸುಪಾಸಿನಲ್ಲಿ ಮುಖ್ಯ ಪೈಪು ಒಡೆದಿದೆ. ಅಲ್ಲೊಂದು ಮ್ಯಾನ್‌ಹೋಲ್ ಇದ್ದರಂತೂ ಮೊದಲು ಅಗೆಯಬೇಕಾದ ಜಾಗ ಅದೇ. ಬೀದಿಯ ತುದಿಯ ಎರಡು ಮೂರು ಮನೆಗಳಲ್ಲಿ ಮಾತ್ರ ಇದ್ದರೆ ಪೈಪಿನ ಕೊನೆಯಲ್ಲಿ ಕೊಳೆ ಶೇಖರವಾಗಿರಬಹುದು, ಅದನ್ನು ಫ್ಲಷ್ ಮಾಡಿಸಬೇಕು. ಇತ್ತೀಚೆಗೆ ಕೇಬಲ್‌ಗೋ ಗ್ಯಾಸ್ ಲೈನ್‌ಗೋ ರಸ್ತೆ ಅಗೆದಿದ್ದಾರೆಯೇ ಅನ್ನುವುದನ್ನೂ ಬರೆದುಕೊಳ್ಳಿ. ವಾಸನೆ ಶುರುವಾದ ತಾರೀಕೂ ಅಗೆದ ತಾರೀಕೂ ಹತ್ತಿರ ಇದ್ದರೆ ಅದನ್ನು ದೂರಿನಲ್ಲಿ ಮೊದಲ ಸಾಲಿನಲ್ಲೇ ಹೇಳಿ.

ಇನ್ನೊಂದು ಸಣ್ಣ ಪರೀಕ್ಷೆ ಬಹಳ ಉಪಯೋಗ. ಕ್ಲೋರಿನ್ ನೋಡುವ ಕಿಟ್ ಕಡಿಮೆ ಬೆಲೆಗೆ ಸಿಗುತ್ತದೆ. ಸಣ್ಣ ಟ್ಯೂಬಿನಲ್ಲಿ ನೀರು ಹಿಡಿದು ಔಷಧಿ ಹಾಕಿದರೆ ಬಣ್ಣ ಬರುತ್ತದೆ, ಜೊತೆಗೆ ಕೊಟ್ಟ ಬಣ್ಣದ ಪಟ್ಟಿಗೆ ಹೋಲಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ನಲ್ಲಿಗೆ ಬಂದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಚರಂಡಿ ಬೆರೆತ ಕಡೆ ಕೊಳೆಯೇ ಕ್ಲೋರಿನ್ ತಿಂದುಬಿಡುತ್ತದೆ. ಒಂದೇ ಬೆಳಗ್ಗೆ, ಸಂಪಿಗೆ ಬೀಳುವ ಮೊದಲು ಹಿಡಿದ ನೀರನ್ನು ನಾಲ್ಕಾರು ಮನೆಗಳಲ್ಲಿ ಪರೀಕ್ಷಿಸಿ. ಐದನೇ ಮನೆಯವರೆಗೆ ಬಣ್ಣ ಬಂದು ಆರನೇ ಮನೆಯಲ್ಲಿ ಏನೂ ಬರದಿದ್ದರೆ, ಆ ಎರಡು ಮನೆಗಳ ನಡುವೆ ಏನೋ ಆಗಿದೆ.

ಈ ಹಾಳೆ ಹಿಡಿದುಕೊಂಡು ದೂರು ಕೊಡಿ. ಜಲಮಂಡಳಿಯ ಸಹಾಯವಾಣಿ 1916. ‘ನಮ್ಮ ಏರಿಯಾದಲ್ಲಿ ನೀರು ಕೆಟ್ಟಿದೆ’ ಅನ್ನುವ ದೂರಿಗೂ ‘ಇಂಥ ಅಡ್ಡರಸ್ತೆಯಲ್ಲಿ ಈ ನಂಬರಿನಿಂದ ಈ ನಂಬರಿನ ಮನೆವರೆಗೆ, ಇಂಥ ತಾರೀಕಿನಿಂದ, ನೀರು ಬಂದ ಮೊದಲ ಹತ್ತು ನಿಮಿಷ ವಾಸನೆ, ಕ್ಲೋರಿನ್ ಇಲ್ಲ’ ಅನ್ನುವ ದೂರಿಗೂ ಅಜಗಜಾಂತರ. ಎರಡನೆಯದಕ್ಕೆ ಎಂಜಿನಿಯರ್ ಎಲ್ಲಿ ಗುಂಡಿ ತೆಗೆಸಬೇಕು ಅಂತ ಮೊದಲ ದಿನವೇ ಹೇಳಬಲ್ಲರು. ಐದಾರು ಮನೆಯವರು ಬೇರೆ ಬೇರೆಯಾಗಿ ತಮ್ಮ ನೀರಿನ ಬಿಲ್ಲಿನ ಆರ್‌ಆರ್ ನಂಬರ್ ಕೊಟ್ಟು ದೂರು ಬರೆಸಿ, ದೂರಿನ ನಂಬರ್‌ಗಳನ್ನು ಒಂದೇ ಕಡೆ ಇಟ್ಟುಕೊಳ್ಳಿ. ನೀರು ಬಿಡುವ ವಾಲ್ವ್‌ಮನ್ ಜೊತೆ ಮಾತಾಡಿ. ನೆಲದಡಿ ಯಾವ ಪೈಪು ಎಲ್ಲಿ ತಿರುಗುತ್ತದೆ ಅನ್ನುವುದು ನಕ್ಷೆಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ಅವರ ಜೊತೆ ಸಿಟ್ಟಿನಿಂದ ಮಾತಾಡಿ ಪ್ರಯೋಜನವಿಲ್ಲ.

ದೋಷ ನಿಮ್ಮ ಸಣ್ಣ ಪೈಪಿನಲ್ಲಿ ಅಂತ ತಿಳಿದರೆ ಅದನ್ನು ಬದಲಾಯಿಸುವುದು ಸಾಮಾನ್ಯವಾಗಿ ಮನೆಯವರ ಖರ್ಚು. ರಸ್ತೆ ಅಗೆಯಲು ಅನುಮತಿ ಬೇಕು. ಪರವಾನಗಿ ಇರುವ ಪ್ಲಂಬರ್ ಕೈಲೇ ಮಾಡಿಸಿ. ಜಿಐ ಬದಲು ಎಚ್‌ಡಿಪಿಇ ಅಥವಾ ಎಂಡಿಪಿಇ ಎಂಬ ಪ್ಲಾಸ್ಟಿಕ್ ಪೈಪು ಹಾಕಿಸಿ, ತುಕ್ಕು ಹಿಡಿಯುವ ಮಾತಿಲ್ಲ, ಮಧ್ಯದಲ್ಲಿ ಜಾಯಿಂಟೂ ಬೇಕಿಲ್ಲ. ಚರಂಡಿ ದಾಟುವ ಕಡೆ ಚರಂಡಿಯ ಒಳಗಿಂದ ತರದೆ ಅದರ ತಳಕ್ಕಿಂತ ಕೆಳಗೆ, ದಪ್ಪ ಪೈಪಿನ ಕವಚದೊಳಗೆ ತರಬೇಕು. ಪ್ಲಂಬರ್‌ಗಳು ಕೆಲಸ ಸುಲಭವಾಗಲೆಂದು ತಪ್ಪಿಸುವುದು ಇದೊಂದನ್ನೇ, ಹಾಗಾಗಿ ಮುಚ್ಚುವ ಮೊದಲು ನೀವೇ ನಿಂತು ನೋಡಿ. ಮೀಟರಿನ ನಂತರ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿಸಿದರೆ ನಿಮ್ಮ ಪೈಪಿನ ನೀರು ಹಿಂದಕ್ಕೆ ಎಳೆದುಹೋಗುವುದಿಲ್ಲ. ಬೀದಿಯಲ್ಲಿ ಒಂದೇ ಕಾಲದ ಮನೆಗಳಿದ್ದರೆ ಪೈಪುಗಳೂ ಒಂದೇ ವಯಸ್ಸಿನವು. ನಾಲ್ಕೈದು ಮನೆಯವರು ಒಟ್ಟಿಗೆ ಮಾಡಿಸಿದರೆ ಖರ್ಚೂ ಕಡಿಮೆ, ರಸ್ತೆಯನ್ನೂ ಒಂದೇ ಸಲ ಅಗೆದಂತಾಗುತ್ತದೆ.

ಈಗ ಪಕ್ಕದ ಮನೆಯ ಮೋಟರ್. ಮೊದಲು ಅನುಮಾನ ನಿಜವೇ ನೋಡಿ. ನೀರು ಬರುವ ಹೊತ್ತಿಗೆ ಸರಿಯಾಗಿ ಅವರ ಮೋಟರ್ ಸದ್ದು ಶುರುವಾಗಿ, ಆ ಕ್ಷಣವೇ ನಿಮ್ಮ ಪೈಪಿನಲ್ಲಿ ನೀರು ಸಣ್ಣಗಾಗಿ, ಅವರು ನಿಲ್ಲಿಸಿದ ತಕ್ಷಣ ಜೋರಾದರೆ ನಿಜ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಹತ್ತಿಸುವ ಮೋಟರ್ ಸದ್ದನ್ನೇ ತಪ್ಪು ತಿಳಿದು ಜಗಳವಾಡುವುದೂ ಉಂಟು. ನಿಜವೇ ಆಗಿದ್ದರೆ ದೂರು ಕೊಡುವ ಮೊದಲು ಒಂದು ಸಲ ಅವರ ಮನೆಗೆ ಹೋಗಿ ಕೂತು ಮಾತಾಡಿ. ಲೈನಿಗೆ ಮೋಟರ್ ಹಾಕುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಸಂಪು ಇರುವುದಿಲ್ಲ, ಅಥವಾ ಸಂಪಿಗೆ ನೀರು ಬೀಳುವ ಪೈಪಿನ ಬಾಯಿ ನೆಲದಿಂದ ಎತ್ತರದಲ್ಲಿರುತ್ತದೆ. ಕಡಿಮೆ ಒತ್ತಡದ ನೀರು ಅಷ್ಟು ಎತ್ತರ ಏರುವುದೇ ಇಲ್ಲ. ಪೈಪಿನ ಬಾಯಿಯನ್ನು ಎರಡು ಮೂರು ಅಡಿ ಕೆಳಗಿಳಿಸಿ, ಸಂಪು ತುಂಬಿದಾಗಲೂ ನೀರಿನ ಮಟ್ಟಕ್ಕೆ ತಾಗದಂತೆ ಇಟ್ಟರೆ ಬಹಳ ಕಡೆ ಮೋಟರ್ ಇಲ್ಲದೆಯೇ ನೀರು ಬೀಳುತ್ತದೆ. ಸಂಪಿಗೆ ಜಾಗವಿಲ್ಲದಿದ್ದರೆ ನೆಲಮಟ್ಟದಲ್ಲಿ 500 ಲೀಟರಿನ ಟ್ಯಾಂಕ್ ಇಟ್ಟು, ನೀರು ತಾನಾಗಿ ಅದಕ್ಕೆ ಬಿದ್ದ ಮೇಲೆ ಮೇಲಕ್ಕೆ ಪಂಪ್ ಮಾಡಬಹುದು. ಅವರ ಮನೆಯವರೂ ಇದೇ ಕೊಳಚೆ ಕುಡಿಯುತ್ತಿದ್ದಾರೆ ಅಲ್ವಾ? ಆ ಬಿಳಿ ಬಕೆಟ್ಟನ್ನು ಅವರಿಗೂ ತೋರಿಸಿ. ಆಮೇಲೂ ಕೇಳದಿದ್ದರೆ ದೂರು ಕೊಡಲು ಹಿಂಜರಿಯಬೇಡಿ. ಗರ್ಭಿಣಿ, ಮಗು, ವಯಸ್ಸಾದವರು ಇರುವ ಕಡೆ ನೆರೆಹೊರೆಯ ಸಂಕೋಚಕ್ಕೆ ಜಾಗವಿಲ್ಲ.

ಮಳೆ ಬಂದಾಗ ವಾಸನೆ ಜಾಸ್ತಿಯಾಗುವುದಕ್ಕೂ ಬೀದಿಯವರೇ ಕಾರಣವಿರಬಹುದು. ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿ ಚೇಂಬರಿಗೆ ಸೇರಿಸಿರುವ ಮನೆಗಳು ಎಷ್ಟಿವೆ ನೋಡಿ. ಒಂದು ಸಾವಿರ ಚದರಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್. ಇಪ್ಪತ್ತು ಮನೆಗಳದ್ದು ಸೇರಿದರೆ ತೊಂಬತ್ತು ಸಾವಿರ ಲೀಟರ್ ದಾಟುತ್ತದೆ. ಬಚ್ಚಲು, ಪಾಯಖಾನೆಯ ನೀರಿಗೆಂದು ಹಾಕಿದ ಸಣ್ಣ ಪೈಪು ಅಷ್ಟನ್ನು ಒಂದೆರಡು ಗಂಟೆಯಲ್ಲಿ ಹೊರುವುದು ಹೇಗೆ? ಮ್ಯಾನ್‌ಹೋಲ್ ಉಕ್ಕುತ್ತದೆ, ನೆಲದಡಿಯ ಮಣ್ಣೆಲ್ಲ ಕೊಳಚೆಯಲ್ಲಿ ನೆನೆಯುತ್ತದೆ. ಒಡೆದ ನೀರಿನ ಪೈಪು ಆ ಕೊಳಚೆಯಲ್ಲೇ ಮುಳುಗಿರುತ್ತದೆ. ಮಳೆಪೈಪನ್ನು ಚೇಂಬರಿನಿಂದ ಬಿಡಿಸಿ ಇಂಗುಗುಂಡಿಗೋ, ಸೋಸಿ ಸಂಪಿಗೋ ತಿರುಗಿಸುವುದು ಒಬ್ಬ ಪ್ಲಂಬರಿನ ಒಂದು ದಿನದ ಕೆಲಸ. ಇಂಗುಗುಂಡಿಯನ್ನು ಚೇಂಬರಿನಿಂದ ದೂರ ಇಡಿ. ನಿಮ್ಮ ಸಂಪಿಗೆ ಬೋರ್‌ವೆಲ್ ನೀರನ್ನೂ ಸೇರಿಸುತ್ತಿದ್ದರೆ ಅದನ್ನು ಬೇರೆಯಾಗಿ ಪರೀಕ್ಷೆ ಮಾಡಿಸಿ. ನೆಲಕ್ಕೆ ಇಳಿದ ಕೊಳಚೆಯಿಂದ ಬೋರ್ ನೀರಿನಲ್ಲಿ ನೈಟ್ರೇಟ್ ಎಂಬ ಲವಣ ಏರಿರಬಹುದು. ಲೀಟರಿಗೆ 45 ಮಿಲಿಗ್ರಾಂ ಮಿತಿ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಎಳೆಮಕ್ಕಳಿಗೆ ಅದು ಅಪಾಯ. ಮಹಡಿ ಮನೆಗೆ ಇನ್ನೆರಡು ತಿಂಗಳಲ್ಲಿ ಕೂಸು ಬರಲಿದೆ.

ಫಿಲ್ಟರ್ ಮಾರುವವರ ವಿಷಯ ಜಾಸ್ತಿ ಬೇಡ. ಅವರು ತೋರಿಸುವ ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿದ ಲವಣವನ್ನು, ರೋಗಾಣುವನ್ನಲ್ಲ. ಎರಡು ಕಂಬಿ ಮುಳುಗಿಸಿ ಕರೆಂಟ್ ಕೊಟ್ಟು ನೀರು ಕಂದು ಬಣ್ಣ ಆಗುವುದನ್ನು ತೋರಿಸಿದರೆ, ಆ ಬಣ್ಣ ಬಂದಿದ್ದು ಕಬ್ಬಿಣದ ಕಂಬಿಯಿಂದಲೇ. ಮನೆಯಲ್ಲಿ ಈಗಿರುವ ಫಿಲ್ಟರ್ ಮುಂದೆಯೂ ಇರಲಿ, ಆದರೆ ಚರಂಡಿ ಬೆರೆತ ನೀರಿಗೆ ಯಾವ ಫಿಲ್ಟರನ್ನೂ ನಂಬಿ ಕೂರಬೇಡಿ. ಅಡುಗೆಮನೆಯ ಒಂದು ನಲ್ಲಿಗೆ ಹಾಕಿದ ಯಂತ್ರ ಬಚ್ಚಲಿನಲ್ಲಿ ಹಲ್ಲುಜ್ಜುವ ಮಗಳಿಗೆ ಏನೂ ಮಾಡಲಾರದು.

ತೂತು ಸಿಕ್ಕಿ ರಿಪೇರಿ ಆದ ಮೇಲೆ ಸಂಪು, ಟ್ಯಾಂಕು ತೊಳೆಸಿ. ಈಗ ತೊಳೆಸಿದ್ದಕ್ಕೆ ಬೆಲೆ ಇದೆ. ಕೊಳೆ ನೀರು ಪೂರ್ತಿ ಹೊರಹಾಕಿ, ಗೋಡೆ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸಿ ಅರ್ಧ ಗಂಟೆ ಬಿಟ್ಟು ತೊಳೆಯಬೇಕು. ಟ್ಯಾಂಕಿನಿಂದ ನಲ್ಲಿಗೆ ಇಳಿಯುವ ಪೈಪುಗಳೊಳಗೂ ಕೊಳೆ ಕೂತಿರುತ್ತದೆ. ಟ್ಯಾಂಕಿನಲ್ಲಿ ಸ್ವಲ್ಪ ಕ್ಲೋರಿನ್ ನೀರು ತುಂಬಿ, ಎಲ್ಲಾ ನಲ್ಲಿ ತಿರುಗಿಸಿ ಕ್ಲೋರಿನ್ ವಾಸನೆ ಬಂದ ಮೇಲೆ ಮುಚ್ಚಿ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಹರಿಸಿಬಿಡಿ. ಆ ರಾತ್ರಿ ಫಿಲ್ಟರಿನ ನಲ್ಲಿ, ಗೀಸರ್ ಬಂದ್ ಇರಲಿ. ಆಮೇಲೆ ಕೆಲವು ವಾರ, ಸಂಪು ತುಂಬಿದ ಪ್ರತಿ ಸಲ ಸಾವಿರ ಲೀಟರಿಗೆ ಸುಮಾರು ಒಂದು ಟೀ ಚಮಚ ಬ್ಲೀಚಿಂಗ್ ಪೌಡರ್ ಹಾಕಿ. ನೇರವಾಗಿ ಸುರಿಯಬೇಡಿ. ಪ್ಲಾಸ್ಟಿಕ್ ಮಗ್ಗಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ. ಅರ್ಧ ಗಂಟೆ ಬಿಟ್ಟು ಕಿಟ್‌ನಲ್ಲಿ ನೋಡಿದರೆ 0.2 ರಿಂದ 0.5 ಒಳಗೆ ಬರಬೇಕು. ಉದ್ದ 8, ಅಗಲ 6, ಆಳ 5 ಅಡಿ ಸಂಪಿನಲ್ಲಿ ಸುಮಾರು 6,800 ಲೀಟರ್ ಹಿಡಿಯುತ್ತದೆ, ಅದರಿಂದ ಲೆಕ್ಕ ಹಾಕಿಕೊಳ್ಳಿ. ಹಳೇ ಪೊಟ್ಟಣದ ಪೌಡರ್‌ನಲ್ಲಿ ಸತ್ವ ಇರುವುದಿಲ್ಲ. ಬಚ್ಚಲು ತೊಳೆಯುವ ಆ್ಯಸಿಡ್ ಜೊತೆ ಮಾತ್ರ ಯಾವತ್ತೂ ಸೇರಿಸಬೇಡಿ, ಉಸಿರು ಕಟ್ಟಿಸುವ ಅನಿಲ ಏಳುತ್ತದೆ.

ಕುಡಿಯಲು ಶುರು ಮಾಡುವ ಮೊದಲು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಅದರೊಳಗಿನ ಪುಡಿ ಕ್ಲೋರಿನ್ ಕೆಲಸವನ್ನು ನಿಲ್ಲಿಸಲು ಹಾಕಿದ್ದು, ತೊಳೆಯಬೇಡಿ. 100 ಮಿಲಿಲೀಟರ್ ನೀರಿನಲ್ಲಿ ಇ-ಕೊಲಿ ಒಂದೂ ಕಾಣಬಾರದು. ಒಂದು ಸಲ ಸರಿ ಬಂದರೆ ಸಾಲದು. ಒಂದು ವಾರ ಬಿಟ್ಟು, ಸಾಧ್ಯವಾದರೆ ಮಳೆ ಬಂದ ಮಾರನೇ ದಿನ, ಇನ್ನೊಂದು ಸಲ ಮಾಡಿಸಿ.

ನೀರು ತಿಳಿಯಾದ ಮೇಲೂ ಎರಡು ತಿಂಗಳು ಎಚ್ಚರ ಇರಲಿ. ಟೈಫಾಯ್ಡ್ ಒಂದೆರಡು ವಾರದಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಕಾಮಾಲೆ ಕೆಟ್ಟ ನೀರು ಕುಡಿದ ಒಂದು ತಿಂಗಳ ಮೇಲೂ ಬರಬಹುದು. ಮನೆಯಲ್ಲಾಗಲಿ ಮಹಡಿಯಲ್ಲಾಗಲಿ ಯಾರಿಗಾದರೂ ಊಟ ಸೇರದೆ, ವಾಂತಿ ಬಂದಂತಾಗಿ, ಮೂತ್ರ ಗಾಢ ಹಳದಿಯಾದರೆ ಮನೆಮದ್ದು ಮಾಡುತ್ತಾ ಕೂರದೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಈ ವಾರಗಳಲ್ಲಿ ಯಾವ ನೀರು ಕುಡಿದಿದ್ದೀರಿ ಅನ್ನುವುದನ್ನು ಅವರು ಕೇಳದಿದ್ದರೂ ಹೇಳಿ.